ಓದುಗರ ಪ್ರಶ್ನೆ: ಎಡಿಎಚ್‌ಡಿ, ಕ್ರೋಶಾ ಕಡ್ಡಿ, ಅಡಿಗೆಮನೆ

ಗಮನ ನಿಲ್ಲದ, ಹೊತ್ತಿನ ಅಂದಾಜು ಸಿಗದ, ಶುರು ಮಾಡಿದ ಕೆಲಸ ಮುಗಿಯದ ಎಡಿಎಚ್‌ಡಿ ತೊಂದರೆಯ ಜತೆ ಹೆಣಿಕೆಯನ್ನೂ ಅಡಿಗೆಯನ್ನೂ ನಡೆಸುವ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳು ಈ ಸಲ. ಕ್ರೋಶಾ (ಕೊಕ್ಕೆ ತುದಿಯ ಕಡ್ಡಿಯಿಂದ ದಾರ ಹೆಣೆಯುವ ಕೆಲಸ) ಕಲಿಸುವವರೂ ಆಹಾರ ಸಲಹೆಗಾರರೂ ಸೇರಿ ಉತ್ತರಿಸಿದ್ದಾರೆ. ಹೊಲಿಗೆಗಳಿಗೆ ಯೂಟ್ಯೂಬ್‌ನಲ್ಲಿ ಹೆಚ್ಚಾಗಿ ಕೇಳಿಬರುವ ಅಮೆರಿಕದ ಹೆಸರುಗಳನ್ನೇ ಬಳಸಿದ್ದೇವೆ. ಹಳೆಯ ಬ್ರಿಟಿಷ್ ಪುಸ್ತಕ ನೋಡಿ ಹೆಣೆಯುವವರು ಗಮನಿಸಿ: ನಮ್ಮ ಸಿಂಗಲ್ (ಗಿಡ್ಡ ಹೊಲಿಗೆ) ಅಲ್ಲಿ ಡಬಲ್, ನಮ್ಮ ಡಬಲ್ (ಕಡ್ಡಿಗೆ ದಾರ ಒಮ್ಮೆ ಸುತ್ತಿಕೊಂಡು ಹಾಕುವ ಎತ್ತರದ ಹೊಲಿಗೆ) ಅಲ್ಲಿ ಟ್ರೆಬಲ್.

ಪ್ರಶ್ನೆ: ನನಗ 27 ವರ್ಷ. ಎಡಿಎಚ್‌ಡಿ ಅಂತ ಹೋದ ವರ್ಷ ಗೊತ್ತಾತು. ಕ್ರೋಶಾ ಅಂದ್ರ ಜೀವ. ಆದರ ಚೀಲದಾಗ ಅರ್ಧ ಶಾಲು, ಮುಕ್ಕಾಲು ಟೇಬಲ್ ಕ್ಲಾತ್, ಒಂದೇ ಕಾಲಿನ ಸಾಕ್ಸು ಬಿದ್ದಾವ. ಹೊಸಾ ಉಲ್ಲನ್ ಕಂಡ್ರ ತಗೊಳ್ಳದೇ ಬರಾಕ ಆಗೂದಿಲ್ಲ. ಒಂದಾದ್ರೂ ಮುಗಿಸೂದು ಹೆಂಗ್ರಿ?
– ವಿಜಯಪುರ

ಉತ್ತರ: ಶಾಲು, ಟೇಬಲ್ ಕ್ಲಾತ್ ಎರಡೂ ವಾರಗಟ್ಟಲೆ ಒಂದೇ ಥರ ಸಾಗುವ ಕೆಲಸ. ಫಲ ದೂರವಿದ್ದಷ್ಟೂ ಎಡಿಎಚ್‌ಡಿ ಇರುವ ಮನಸ್ಸಿಗೆ ಅದರ ಸೆಳೆತ ಕಡಿಮೆ. ಆದ್ದರಿಂದ ಒಂದೇ ಸಲ ಕೂತಾಗ ಮುಗಿಯುವ ತುಂಡುಗಳಿಂದ ಆಗುವ ವಸ್ತು ಆರಿಸಿಕೊಳ್ಳಿ. ಇದಕ್ಕೆ ಗ್ರ್ಯಾನಿ ಸ್ಕ್ವೇರ್ (ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವ ಕ್ರೋಶಾ ಚೌಕ) ಬಿಟ್ಟು ಬೇರೆ ಹುಡುಕುವುದು ಬೇಡ. ಕಲಿಯುವವರಿಗೂ ಒಂದು ಚೌಕ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೊಲಿಗೆ ಎಣಿಸುವ ಗೋಜೂ ಇಲ್ಲ, ಖಾಲಿ ಜಾಗ ಕಂಡಲ್ಲಿ ಮೂರು ಹೊಲಿಗೆ ತುಂಬಿದರೆ ಆಯಿತು.

4 ಪ್ಲೈ ಉಲ್ಲನ್, 4 ಮಿಮೀ ಕಡ್ಡಿ ತಗೊಳ್ಳಿ. 4 ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ) ಹಾಕಿ, ಎರಡು ತುದಿ ಕೂಡಿಸುವ ಸ್ಲಿಪ್ ಸ್ಟಿಚ್‌ನಿಂದ ಉಂಗುರ ಮಾಡಿ. ಮೊದಲ ಸುತ್ತು: 3 ಚೈನ್ (ಇದೇ ಮೊದಲ ಡಬಲ್ ಎಂದು ಲೆಕ್ಕ), ಉಂಗುರದೊಳಗೆ 2 ಡಬಲ್, 2 ಚೈನ್, ಆಮೇಲೆ 3 ಡಬಲ್, 2 ಚೈನ್ ಎಂದು ಇನ್ನೂ ಮೂರು ಸಲ, ಆರಂಭದ ಚೈನ್‌ನ ನೆತ್ತಿಗೆ ಸ್ಲಿಪ್ ಸ್ಟಿಚ್. 2 ಚೈನ್ ಇರುವ ನಾಲ್ಕು ಜಾಗಗಳೇ ನಾಲ್ಕು ಮೂಲೆ. ಮುಂದಿನ ಎಲ್ಲ ಸುತ್ತುಗಳಲ್ಲಿ ಮೂಲೆಗೆ 3 ಡಬಲ್, 2 ಚೈನ್, 3 ಡಬಲ್. ನಡುವಿನ ಪ್ರತಿ ಸಂದಿಗೆ 3 ಡಬಲ್. ಗುಂಪು ಗುಂಪಿನ ನಡುವೆ 1 ಚೈನ್. ನಾಲ್ಕು ಸುತ್ತಿಗೆ ಸುಮಾರು 10 ಸೆಂಮೀ ಚೌಕ. 40 ಸೆಂಮೀ ದಿಂಬಿನ ಕವರಿನ ಒಂದು ಬದಿಗೆ 16 ಚೌಕ ಬೇಕು. ಚೌಕ ಮುಗಿದ ಕೂಡಲೇ, ಎದ್ದು ಹೋಗುವ ಮೊದಲು, ಬಾಲದ ಎರಡೂ ದಾರಗಳನ್ನು ದಪ್ಪ ಸೂಜಿಯಿಂದ ಒಳಗೆ ಹೊಲಿದುಬಿಡಿ. ಬಾಲವನ್ನು 15 ಸೆಂಮೀ ಬಿಟ್ಟೇ ಕತ್ತರಿಸಿ, ಗಿಡ್ಡ ಬಾಲ ಒಗೆದಾಗ ಬಿಚ್ಚಿಕೊಳ್ಳುತ್ತದೆ. “ಎಲ್ಲಾ ಕೂಡಿಸಿ ಕಡೀಕ ಹೊಲದ್ರಾತು” ಅಂದುಕೊಂಡರೆ 32 ಬಾಲಗಳು ಕಾದು ಕೂತಿರುತ್ತವೆ, ಆ ಕವರು ಮುಗಿಯುವುದೇ ಇಲ್ಲ.

ಇನ್ನು ಖರೀದಿ. ಮೊದಲ ಚೌಕವನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ. 9 ಗ್ರಾಂ ಬಂದರೆ 16ಕ್ಕೆ 144 ಗ್ರಾಂ, ಕೂಡಿಸುವ ದಾರಕ್ಕೆ ಇನ್ನೊಂದು 20 ಗ್ರಾಂ. ಒಟ್ಟನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, ಅಷ್ಟೇ ತನ್ನಿ. ಒಂದು ಬಣ್ಣದ ಉಂಡೆಗಳನ್ನೆಲ್ಲ ಒಂದೇ ಸಲಕ್ಕೆ ತರಬೇಕು, ಲೇಬಲ್ ಮೇಲಿನ ಲಾಟ್ ನಂಬರ್ ಒಂದೇ ಇರಬೇಕು. ಲಾಟ್ ಬದಲಾದರೆ ಕೆಂಪಿನಲ್ಲೂ ಎರಡು ಕೆಂಪು ಎದ್ದು ಕಾಣುತ್ತವೆ. ನಿಮ್ಮೂರಿನ ಏಪ್ರಿಲ್–ಮೇ ಬಿಸಿಲಿಗೆ ಅಕ್ರಿಲಿಕ್ ಉಲ್ಲನ್ ಬೆವರುವ ಕೈಗೆ ಅಂಟುತ್ತದೆ, ಆ ಎರಡು ತಿಂಗಳು ಹತ್ತಿ ದಾರ ಹಿಡಿಯಿರಿ.

ಚೀಲದಲ್ಲಿರುವ ಹಳೆಯವಕ್ಕೆ ಒಂದೇ ಮಾತು: ಅರ್ಧ ಕೆಲಸದಿಂದ ಕಡ್ಡಿ ಕಿತ್ತು ಇನ್ನೊಂದಕ್ಕೆ ಹಾಕಬೇಡಿ. ಯಾವ ಅಳತೆಯ ಕಡ್ಡಿ ಇತ್ತೆಂದು ಆಮೇಲೆ ನೆನಪಿರುವುದಿಲ್ಲ, ಬೇರೆ ಕಡ್ಡಿ ಹಿಡಿದರೆ ಬಿಗಿ ಬದಲಾಗಿ ಪಟ್ಟೆ ಕಾಣುತ್ತದೆ, ಅಲ್ಲಿಗೆ ಆ ಶಾಲಿನ ಕಥೆ ಮುಗಿಯಿತು. ಒಂದೊಂದು ಕೆಲಸಕ್ಕೆ ಒಂದೊಂದು ಚೀಲ. ಒಳಗೆ ಅದರದೇ ಕಡ್ಡಿ, ಅದರದೇ ದಾರ, “ಮುಂದ: 4ನೇ ಸುತ್ತು, ಗುಲಾಬಿ” ಎಂಬ ಚೀಟಿ. ಬಿಡುವಾಗ ಕೊನೆಯ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ. ಆ ಒಂಟಿ ಸಾಕ್ಸನ್ನು ಮಾತ್ರ ಸಂಕೋಚವಿಲ್ಲದೆ ಬಿಚ್ಚಿ. ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಲ್ಲಿ ಅದ್ದಿ ನೆರಳಲ್ಲಿ ತೂಗುಹಾಕಿದರೆ ಸುರುಳಿ ಹೋಗಿ ಮತ್ತೆ ಹೆಣೆಯಲು ಬರುತ್ತದೆ.

ಪ್ರಶ್ನೆ: 30 ಹೊಲಿಗೆಯಿಂದ ಮಫ್ಲರ್ ಶುರು ಮಾಡಿದ್ದೆ, ಒಂದು ಗೇಣು ಬರೂದ್ರಾಗ 22 ಆಗ್ಯಾವ. ಎಣಸಾಕ ಕುಂತ್ರ ನಡುವ ಯಾರಾದ್ರೂ ಮಾತಾಡಿಸ್ತಾರ, ಲೆಕ್ಕ ಹೋಗತದ.
– ಗೋಕಾಕ

ಉತ್ತರ: ಹೊಲಿಗೆ ಕಳೆಯುವುದು ನಡುವೆ ಅಲ್ಲ, ಎರಡು ಅಂಚಿನಲ್ಲಿ. ಸಿಂಗಲ್‌ನಲ್ಲಿ ಹೆಣೆಯುತ್ತಿದ್ದರೆ 30 ಹೊಲಿಗೆಗೆ 31 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನ್‌ಗೆ ಮೊದಲ ಹೊಲಿಗೆ. ಸಾಲು ತಿರುಗಿಸುವಾಗ ಹಾಕುವ 1 ಚೈನ್ ಲೆಕ್ಕಕ್ಕಿಲ್ಲ. ಹಾಗಾಗಿ ಅದರ ಬುಡದಲ್ಲೇ ಇರುವ ಹೊಲಿಗೆಗೆ ಮೊದಲ ಸಿಂಗಲ್ ಬೀಳಬೇಕು. ಡಬಲ್‌ನಲ್ಲಿ ಇದು ಉಲ್ಟಾ. ತಿರುಗಿಸುವ 3 ಚೈನ್ ಒಂದು ಹೊಲಿಗೆ ಎಂದೇ ಲೆಕ್ಕ, ಆದ್ದರಿಂದ ಮುಂದಿನ ಡಬಲ್ ಎರಡನೇ ಹೊಲಿಗೆಗೆ ಬೀಳಬೇಕು. ಸಾಲಿನ ತುದಿಯಲ್ಲಿ ಹಿಂದಿನ ಸಾಲಿನ ಆ 3 ಚೈನ್‌ನ ನೆತ್ತಿಯ ಮೇಲೆ ಕಡೆಯ ಡಬಲ್ ಹಾಕಬೇಕು. ಅದು ಹೊಲಿಗೆಯ ಹಾಗೆ ಕಾಣದೆ ಸ್ವಲ್ಪ ಹಿಂದಕ್ಕೆ ಮಡಚಿಕೊಂಡಿರುತ್ತದೆ, ಬಹಳ ಜನ ಅದನ್ನೇ ಬಿಟ್ಟು ತಿರುಗುತ್ತಾರೆ. ಸಾಲಿಗೊಂದರಂತೆ ಎಂಟು ಸಾಲಿಗೆ ಎಂಟು ಹೋದರೆ ನಿಮ್ಮ 30 ಸರಿಯಾಗಿ 22 ಆಗುತ್ತದೆ. ನಿಮ್ಮದು ಡಬಲ್ ಇರಬೇಕೆಂದು ನಮ್ಮ ಅಂದಾಜು. ಮಫ್ಲರ್ ಅಗಲವಾಗುತ್ತಾ ಹೋಗುವವರ ತಪ್ಪು ಇದಕ್ಕೆ ವಿರುದ್ಧ: 3 ಚೈನ್ ಹಾಕಿದ ಮೇಲೆ ಅದರ ಬುಡದ ಹೊಲಿಗೆಗೂ ಇನ್ನೊಂದು ಡಬಲ್ ಹಾಕಿರುತ್ತಾರೆ.

ಎಣಿಕೆಯನ್ನು ತಲೆಯಲ್ಲಿ ಹೊರುವುದೇ ಬೇಡ. ಪ್ರತಿ ಸಾಲಿನ ಮೊದಲ ಹೊಲಿಗೆ ಹಾಕಿದ ಕೂಡಲೇ ಅದಕ್ಕೊಂದು ಸಣ್ಣ ಸೇಫ್ಟಿ ಪಿನ್, ಕಡೆಯದಕ್ಕೂ ಒಂದು. 3 ಚೈನ್‌ನ ನೆತ್ತಿಗೇ ಪಿನ್ ಚುಚ್ಚಿಟ್ಟರೆ ವಾಪಸು ಬರುವಾಗ “ಇಲ್ಲಿ ಹಾಕಬೇಕು” ಎಂದು ಅದೇ ತೋರಿಸುತ್ತದೆ. ನಡುವೆ 10ನೇ, 20ನೇ ಹೊಲಿಗೆಗೆ ಬೇರೆ ಬಣ್ಣದ ದಾರದ ತುಣುಕು ಸಿಕ್ಕಿಸಿ. ಬಾಗಿಲು ಬಡಿದರೆ ಎದ್ದು ಹೋಗಿ ಬನ್ನಿ, ಹತ್ತು ಹೊಲಿಗೆಯ ಆ ಒಂದು ಭಾಗವನ್ನಷ್ಟೇ ಮತ್ತೆ ಎಣಿಸಿದರೆ ಸಾಕು. ಅಂಚು ಗಟ್ಟಿಯಾಗುವವರೆಗೆ ಎರಡು ಸಾಲಿಗೊಮ್ಮೆ ಪೂರ್ತಿ ಎಣಿಸಿ.

ಕಲಿಯುವಾಗ ಕಪ್ಪು, ಗಾಢ ನೀಲಿ ದಾರ ಬೇಡವೇ ಬೇಡ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಹೊಲಿಗೆ ಕಾಣುವುದಿಲ್ಲ, ಕಾಣದ್ದನ್ನು ಊಹಿಸುತ್ತಾ ಹೋದರೆ ಗಮನ ಬೇಗ ದಣಿಯುತ್ತದೆ. ಬುಡದ ಚೈನ್ ಬಿಗಿಯಾಗಿ ಕೆಳಗಿನ ಅಂಚು ಎಳೆದುಕೊಂಡಿದ್ದರೆ, ಆ ಚೈನನ್ನು ಮಾತ್ರ ಅರ್ಧ ಮಿಮೀ ಹೆಚ್ಚು ದಪ್ಪದ ಕಡ್ಡಿಯಲ್ಲಿ ಹಾಕಿ.

ಈಗಿನ ಮಫ್ಲರ್ ಬಿಚ್ಚಬೇಕೇ? ಎಂಟು ಕಡಿಮೆ ಎಂದರೆ ಕಣ್ಣಿಗೆ ಹೊಡೆಯುತ್ತದೆ, 30 ಇದ್ದ ಸಾಲಿನವರೆಗೆ ಬಿಚ್ಚುವುದೇ ಮೇಲು. ಆದರೆ ಒಂದೋ ಎರಡೋ ಕಡಿಮೆ ಇದ್ದಿದ್ದರೆ ಮುಂದಿನ ಸಾಲಿನ ಅಂಚಿನ ಹತ್ತಿರ ಒಂದೇ ಹೊಲಿಗೆಗೆ ಎರಡು ಹಾಕಿ ಮುಂದೆ ಸಾಗಿ ಎನ್ನುತ್ತಿದ್ದೆವು. ಕೂಸಿನ ಕುಲಾವಿಗೆ, ಸ್ವೆಟರ್ ತೋಳಿಗೆ ಈ ರಿಯಾಯಿತಿ ಇಲ್ಲ.

ಕುಲಾವಿಯ ಮಾತು ಬಂತಲ್ಲ, ಹಲವರು ಕೇಳಿದ್ದಾರೆ. ಸಿಂಗಲ್‌ನಲ್ಲಿ ವೃತ್ತ ಚಪ್ಪಟೆ ಬರಬೇಕಾದರೆ 6 ಹೊಲಿಗೆಯಿಂದ ಶುರು ಮಾಡಿ ಸುತ್ತಿಗೆ ಆರಾರು ಏರಿಸಬೇಕು: 6, 12, 18, 24. ಕಡಿಮೆ ಏರಿಸಿದರೆ ಬಟ್ಟಲಾಗುತ್ತದೆ, ಹೆಚ್ಚಾದರೆ ಅಂಚು ನಿರಿಗೆ ಹಿಡಿಯುತ್ತದೆ. ನೆತ್ತಿಯ ಅಗಲ ಸಿಕ್ಕ ಮೇಲೆ ಏರಿಸುವುದನ್ನು ನಿಲ್ಲಿಸಿದರೆ ತಾನಾಗಿ ಕೆಳಗಿಳಿಯುತ್ತದೆ. ಸುತ್ತಿನ ಮೊದಲ ಹೊಲಿಗೆಗೆ ಇಲ್ಲೂ ಪಿನ್ ಇರಲಿ.

ಪ್ರಶ್ನೆ: ಹೆಣಿಯಾಕ ಕುಂತ್ರ ಲೋಕಾನೇ ಮರಿತೀನಿ. ಹಾಲು ಉಕ್ಕತದ, ಬ್ಯಾಳಿ ಹತ್ತತದ. ಒಮ್ಮೆ ಕುಕ್ಕರಿನ ವಾಲ್ವ್ ಕರಗಿ ಹೋತು. ಉಪ್ಪು ಹಾಕೀನೋ ಇಲ್ಲೋ ಅನ್ನೂದೂ ನೆನಪಿರೂದಿಲ್ಲ. ಮನ್ಯಾಗ ಎಲ್ಲಾರೂ ಅಡಿಗಿ ಮನಿಗೆ ಹೋಗಬ್ಯಾಡ ಅಂತಾರ.
– ಟಿಳಕವಾಡಿ, ಬೆಳಗಾವಿ

ಉತ್ತರ: ಗಮನ ನಿಲ್ಲುವುದಿಲ್ಲ ಎನ್ನುವ ಇದೇ ತೊಂದರೆಯಲ್ಲಿ, ಇಷ್ಟದ ಕೆಲಸ ಸಿಕ್ಕರೆ ಗಮನ ಕಿತ್ತರೂ ಬರುವುದಿಲ್ಲ. ಆದ್ದರಿಂದ ನಿಯಮ ಒಂದೇ: ತಾನಾಗಿ ಆರದ ಉರಿಯ ಮೇಲೆ ಏನಾದರೂ ಇರುವಾಗ ಕ್ರೋಶಾ ಕೈಗೆ ತಗೊಳ್ಳಬಾರದು. ಗ್ಯಾಸ್ ಹಚ್ಚಿ “ಒಂದೇ ಸುತ್ತು” ಅನ್ನುವುದಕ್ಕೂ ಇದು ಅನ್ವಯ.

ಹೆಣೆಯುತ್ತಲೇ ಅಡಿಗೆ ಆಗಬೇಕೆಂದರೆ ತಾನಾಗಿ ನಿಲ್ಲುವ ಉಪಕರಣ ಬೇಕು. ಕರೆಂಟಿನ ರೈಸ್ ಕುಕ್ಕರ್ ನೀರು ಇಂಗಿದ ಮೇಲೆ ತಾನೇ ಬೆಚ್ಚಗಿಡುವ ಸ್ಥಿತಿಗೆ ಬೀಳುತ್ತದೆ. ಅರ್ಧ ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಹೆಸರುಬ್ಯಾಳಿ ತೊಳೆದು, 4 ಬಟ್ಟಲು ನೀರು, ಕಾಲು ಚಮಚ ಅರಿಷಿಣ, ಮುಕ್ಕಾಲು ಚಮಚ ಉಪ್ಪು, ಒಂದು ಚಮಚ ತುಪ್ಪ ಹಾಕಿ ಗುಂಡಿ ಒತ್ತಿದರೆ ಇಬ್ಬರಿಗೆ ಖಿಚಡಿ. ತುಪ್ಪ ಬಿಡಬೇಡಿ, ಅದು ಬ್ಯಾಳಿಯ ನೊರೆಯನ್ನು ತಗ್ಗಿಸಿ ಉಕ್ಕುವುದನ್ನು ಕಡಿಮೆ ಮಾಡುತ್ತದೆ. ಟೈಮರ್ ಇರುವ ಇಂಡಕ್ಷನ್ ಒಲೆಯೂ ಒಳ್ಳೆಯದೇ, ಆದರೆ ಅವುಗಳಲ್ಲಿ ಹೆಚ್ಚಿನವು ಕರೆಂಟ್ ಹೋಗಿ ಬಂದ ಮೇಲೆ ತಾವಾಗಿ ಮತ್ತೆ ಶುರುವಾಗುವುದಿಲ್ಲ. ಅರೆಬೆಂದ ಅನ್ನ ಮುಚ್ಚಿಕೊಂಡು ಕೂತಿರುತ್ತದೆ.

ಕುಕ್ಕರಿನ ಸೀಟಿ ಎಣಿಸುವುದನ್ನು ಬಿಟ್ಟುಬಿಡಿ. ಮೂರೋ ನಾಲ್ಕೋ ಎಂಬ ಸಂಶಯ ಬಂದಾಗ ಎಲ್ಲರೂ ಇನ್ನೊಂದಕ್ಕೆ ಕಾಯುತ್ತಾರೆ, ತಳದ ನೀರು ಮುಗಿಯುವುದು ಹಾಗೆಯೇ. ನಿಮ್ಮ ವಾಲ್ವ್ ಕರಗಿದ್ದೂ ನೀರು ಬತ್ತಿ ಶಾಖ ಏರಿದ್ದರಿಂದ. ಅದನ್ನು ಕರಗಲೆಂದೇ ಮಾಡಿರುತ್ತಾರೆ, ಕುಕ್ಕರ್ ಸಿಡಿಯದಿರಲಿ ಎಂದು. ಹೊಸದನ್ನು ಅದೇ ಕಂಪನಿಯದು ಹಾಕಿಸಿ. ಒಳಗೆ ಡಬ್ಬಿ ಇಟ್ಟು ಬೇಯಿಸುವಾಗ ತಳಕ್ಕೆ 2 ಬಟ್ಟಲು ನೀರು. ಮೊದಲ ಸೀಟಿ ಆದ ಕೂಡಲೇ ಉರಿ ಸಣ್ಣ ಮಾಡಿ ಟೈಮರ್ ತಿರುಗಿಸಿ: ಅರ್ಧ ಗಂಟೆ ನೆನೆಸಿದ ತೊಗರಿಬ್ಯಾಳಿಗೆ 10 ನಿಮಿಷ, ನೆನೆಸದಿದ್ದರೆ 15. ಟೈಮರ್ ಮೊಬೈಲಿನಲ್ಲಿ ಬೇಡ, ಬೆರಳು ಅದನ್ನು ಆರಿಸುತ್ತದೆ, ಕಣ್ಣು ಅಲ್ಲೇ ಇನ್ನೇನೋ ನೋಡುತ್ತಾ ಉಳಿಯುತ್ತದೆ. ತಿರುಗಿಸುವ ಅಡಿಗೆ ಟೈಮರ್ ಒಲೆಯ ಪಕ್ಕದಲ್ಲೇ ಇರಲಿ, ಅದನ್ನು ನಿಲ್ಲಿಸಲು ನೀವೇ ಎದ್ದು ಹೋಗುವಂತಾಗಬೇಕು.

ಹಾಲು ಉಕ್ಕುವುದು ಮೇಲೆ ಕಟ್ಟುವ ಕೆನೆ ಹಬೆಯನ್ನು ತಡೆಯುವುದರಿಂದ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ, ಅಂದರೆ ಮೊದಲೇ ಬಿಸಿ ಮಾಡಿ ರೋಗಾಣು ಕೊಂದದ್ದು. ಫ್ರಿಜ್‌ನಲ್ಲಿಟ್ಟುಕೊಂಡು, ಚಹಾಕ್ಕೆ ಬೇಕಾದಷ್ಟನ್ನು ಆಗಾಗ ಬಿಸಿ ಮಾಡಿದರೆ ಒಂದು ಲೀಟರ್ ಉಕ್ಕಿಸುವ ಪ್ರಸಂಗವೇ ಬರುವುದಿಲ್ಲ. ಎಮ್ಮೆಯ ಹಸಿ ಹಾಲು ಬರುವ ಮನೆಯಾದರೆ ಕಾಯಿಸಲೇಬೇಕು, ಅದಕ್ಕೆ ಎರಡು ಪದರದ ನಡುವೆ ನೀರು ತುಂಬುವ, ಸೀಟಿ ಹಾಕುವ ಹಾಲಿನ ಕುಕ್ಕರ್ ತನ್ನಿ.

ಉಪ್ಪಿನ ಸಂಶಯಕ್ಕೆ: ಅಡಿಗೆ ಶುರು ಮಾಡುವ ಮೊದಲು ಬೇಕಾದ ಡಬ್ಬಿಗಳನ್ನೆಲ್ಲ ಒಲೆಯ ಎಡಕ್ಕೆ ಸಾಲಾಗಿ ಇಡಿ. ಹಾಕಿದ ಕೂಡಲೇ ಆ ಡಬ್ಬಿ ಬಲಕ್ಕೆ ಹೋಗಬೇಕು. ಉಪ್ಪಿನ ಡಬ್ಬಿ ಬಲಕ್ಕಿದ್ದರೆ ಉಪ್ಪು ಬಿದ್ದಿದೆ, ಎಡಕ್ಕಿದ್ದರೆ ಇಲ್ಲ. ಇದನ್ನು ಮನೆಯವರಿಗೂ ಹೇಳಿಡಿ. ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಯಾರಾದರೂ ನಡುವೆ ಡಬ್ಬಿ ಎತ್ತಿಟ್ಟರೆ ಲೆಕ್ಕವೆಲ್ಲ ಹಾಳು.

ಪ್ರಶ್ನೆ: ಕ್ರೋಶಾ ಹಾಕಿದ್ರ ಎಡಿಎಚ್‌ಡಿ ಗುಣ ಆಗತದೇನು? ನನಗೂ ಇರಬೇಕು ಅನಸ್ತದ, ಎಲ್ಲಿ ತೋರಸೂದು?
– ಮುದ್ದೇಬಿಹಾಳ

ಉತ್ತರ: ಗುಣವಾಗುವುದಿಲ್ಲ. ಕೈಗೆ ಕೆಲಸವಿದ್ದರೆ ಕೆಲವರಿಗೆ ಕೂತು ಕೇಳಲು ಸುಲಭವಾಗುತ್ತದೆ, ಚಡಪಡಿಕೆ ಇಳಿಯುತ್ತದೆ. ಅಷ್ಟರ ಮಟ್ಟಿಗೆ ಸಹಾಯ. ಎಡಿಎಚ್‌ಡಿಯನ್ನು ಗುರುತಿಸಲು ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಲಕ್ಷಣಗಳು 12 ವರ್ಷದೊಳಗೇ ಇದ್ದವೇ, ಮನೆ, ಶಾಲೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಡುತ್ತವೆಯೇ ಎಂದು ಮನೋವೈದ್ಯರು ಕೇಳಿ ತಿಳಿಯುತ್ತಾರೆ. ಹಳೆಯ ಶಾಲಾ ಪ್ರಗತಿಪತ್ರ ಇದ್ದರೆ ಒಯ್ಯಿರಿ, ಬಾಲ್ಯ ಕಂಡ ಅವ್ವನನ್ನೋ ಅಕ್ಕನನ್ನೋ ಕರೆದೊಯ್ದರೆ ಇನ್ನೂ ಒಳ್ಳೆಯದು. ಥೈರಾಯ್ಡ್, ನಿದ್ದೆಗೇಡು, ಆತಂಕಗಳೂ ಇದೇ ಥರ ಕಾಣುತ್ತವೆ, ಅವನ್ನೂ ನೋಡಿಸಬೇಕು. ಸುಮ್ಮನೆ ಕನಸು ಕಾಣುತ್ತಾ ಕೂರುವ, ಗಲಾಟೆ ಮಾಡದ ಹುಡುಗಿಯರಲ್ಲಿ ಇದು ಎಷ್ಟೋ ಸಲ ದೊಡ್ಡವರಾಗುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಿಂದ ಶುರು ಮಾಡಿ. ಧಾರವಾಡದ ಡಿಮ್ಹಾನ್ಸ್ ನಿಮ್ಮ ಭಾಗಕ್ಕೆ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ. ಮೊದಲು ಫೋನಿನಲ್ಲೇ ಮಾತಾಡಬೇಕೆನಿಸಿದರೆ 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ.

ಪ್ರಶ್ನೆ: ಮಿಥೈಲ್‌ಫೆನಿಡೇಟ್ ಗುಳಿಗೆ ಶುರು ಆದಾಗಿಂದ ಮಧ್ಯಾಹ್ನ ಹಸಿವೇ ಇಲ್ಲ. ಸಂಜಿ ಏಳಕ್ಕ ಕೈಕಾಲು ನಡಗೂ ಹಂಗ ಹಸೀತದ, ಆಗ ಅಡಿಗಿ ಮಾಡೂ ತಾಳ್ಮಿ ಇರೂದಿಲ್ಲ, ಬಿಸ್ಕೀಟು ತಿಂದು ಮಲಕೋತೀನಿ. ಹಾಸ್ಟೆಲ್ ಬಿಟ್ಟು ರೂಮಿನಾಗ ಅದೀನಿ.
– ಜಮಖಂಡಿ

ಉತ್ತರ: ಎಡಿಎಚ್‌ಡಿಗೆ ಕೊಡುವ ಆ ಔಷಧಿಗೆ ಹಸಿವು ಕಡಿಮೆ ಮಾಡುವ ಗುಣವಿದೆ, ಪರಿಣಾಮ ಇಳಿದಂತೆ ಹಸಿವು ಒಮ್ಮೆಲೇ ಮರಳುತ್ತದೆ. ಆದ್ದರಿಂದ ದಿನದ ದೊಡ್ಡ ಊಟ ಬೆಳಿಗ್ಗೆ, ಗುಳಿಗೆಗಿಂತ ಮೊದಲು. ಮಧ್ಯಾಹ್ನ ಹಸಿವಿಗಾಗಿ ಕಾಯದೆ ಗಡಿಯಾರ ನೋಡಿ ಸ್ವಲ್ಪವಾದರೂ ತಗೊಳ್ಳಿ: ಒಂದು ಲೋಟ ಮಜ್ಜಿಗೆ, ಬಾಳೆಹಣ್ಣು, ಎರಡು ಶೇಂಗಾ ಉಂಡಿ. ತಿಂಗಳಿಗೊಮ್ಮೆ ತೂಕ ನೋಡಿ. ಇಳಿಯುತ್ತಿದ್ದರೆ, ಕೈಕಾಲು ನಡುಗುವುದು ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ. ನೀವಾಗಿ ಗುಳಿಗೆ ಬಿಡುವುದು, ಅರ್ಧ ಮಾಡುವುದು ಬೇಡ.

ಸಂಜೆಗೆ ನಮ್ಮ ಕಡೆಯ ಅಡಿಗೆಯೇ ಅನುಕೂಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ), ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ: ಒಲೆ ಹಚ್ಚದೆ ಪೂರ್ತಿ ಊಟ. ರೊಟ್ಟಿ ಕೊಂಡು ತನ್ನಿ, ಹಿಂಡಿ ರಜೆಯ ದಿನ ಮಾಡಿಟ್ಟುಕೊಳ್ಳಿ. ಹುರಿದ ಶೇಂಗಾವನ್ನೇ ಕೊಳ್ಳಿ. ಸಣ್ಣ ಉರಿಯಲ್ಲಿ ಕಾಲು ಗಂಟೆ ನಿಂತು ಹುರಿಯುವುದು ನಿಮ್ಮಂಥವರಿಗೆ ಕರಕಲಾಗುವ ಕೆಲಸ. 2 ಬಟ್ಟಲು ಶೇಂಗಾಕ್ಕೆ 10 ಎಸಳು ಬಳ್ಳೊಳ್ಳಿ, 2 ದೊಡ್ಡ ಚಮಚ ಖಾರದ ಪುಡಿ, 1 ಚಮಚ ಜೀರಿಗೆ, ಒಂದೂವರೆ ಚಮಚ ಉಪ್ಪು. ಮೊದಲು ಬಳ್ಳೊಳ್ಳಿ, ಖಾರ, ಜೀರಿಗೆ, ಉಪ್ಪು ತಿರುಗಿಸಿ, ಆಮೇಲೆ ಶೇಂಗಾ ಹಾಕಿ ಎರಡೆರಡು ಸೆಕೆಂಡಿಗೆ ನಿಲ್ಲಿಸಿ ನಿಲ್ಲಿಸಿ ತರಿ ಮಾಡಿ. ಮಿಕ್ಸಿ ಒಂದೇ ಸಮನೆ ತಿರುಗಿದರೆ ಕಾವಿಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒದ್ದೆ ಚಮಚ ಹಾಕದಿದ್ದರೆ ವಾರಗಟ್ಟಲೆ ಇರುತ್ತದೆ.

ಹತ್ತು ನಿಮಿಷ ನಿಲ್ಲಬಲ್ಲಿರಾದರೆ ಸುಸಲಾ. 4 ಬಟ್ಟಲು ಚುರಮರಿಯನ್ನು ನೀರಲ್ಲಿ ಮುಳುಗಿಸಿ, ಮೆತ್ತಗಾದ ಕೂಡಲೇ ಹಿಂಡಿ ತೆಗೆಯಿರಿ. ನೀರಲ್ಲೇ ಬಿಟ್ಟು ಫೋನ್ ನೋಡಲು ಹೋದರೆ ಗಂಜಿ. 2 ಚಮಚ ಎಣ್ಣೆಯಲ್ಲಿ ಸಾಸಿವೆ, ಶೇಂಗಾ, ಕರಿಬೇವು, 2 ಹಸಿಮೆಣಸಿನಕಾಯಿ, ಒಂದು ಉಳ್ಳಾಗಡ್ಡಿ, ಅರಿಷಿಣ. ಉರಿ ಆರಿಸಿ ಚುರಮರಿ, ಉಪ್ಪು, 2 ದೊಡ್ಡ ಚಮಚ ಪುಟಾಣಿ ಹಿಟ್ಟು, ಅರ್ಧ ಲಿಂಬೆ ಕಲಸಿ. ಚುರಮರಿಯಲ್ಲೇ ಉಪ್ಪಿರುವುದುಂಟು, ರುಚಿ ನೋಡಿ ಹಾಕಿ.

ಝುಣಕವನ್ನು ಕುದಿಯುವ ನೀರಿಗೆ ಹಿಟ್ಟು ಉದುರಿಸಿ ಮಾಡುವ ರೂಢಿಯಿದೆ. ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದರಲ್ಲಿ ತಿರುವಬೇಕು, ಗಮನ ಸ್ವಲ್ಪ ಜಾರಿದರೂ ಗಂಟು. ನೀವು ಅರ್ಧ ಬಟ್ಟಲು ಕಡ್ಲಿ ಹಿಟ್ಟನ್ನು ಒಂದೂವರೆ ಬಟ್ಟಲು ತಣ್ಣೀರಲ್ಲಿ ಮೊದಲೇ ಗಂಟಿಲ್ಲದಂತೆ ಕದಡಿ, ಉಪ್ಪು ಖಾರ ಅದರಲ್ಲೇ ಹಾಕಿ, ಉಳ್ಳಾಗಡ್ಡಿ ಬಳ್ಳೊಳ್ಳಿ ಒಗ್ಗರಣೆಗೆ ಸುರಿದು 5–6 ನಿಮಿಷ ತಿರುವಿ. ಹಸಿ ವಾಸನೆ ಹೋಗಿ ಬಾಣಲೆ ಬಿಡತೊಡಗಿದರೆ ಆಯಿತು. ಹಿರಿಯರು ಒಪ್ಪುವುದಿಲ್ಲ, ರುಚಿಯಲ್ಲಿ ನಮಗಂತೂ ವ್ಯತ್ಯಾಸ ಕಂಡಿಲ್ಲ.

ಪ್ರಶ್ನೆ: ಸೀರಿಗೆ ಕ್ರೋಶಾ ಕುಚ್ಚು ಹಾಕಿ ಕೊಡ್ತೀನಿ. ಮೊದಲ ಸೀರಿ ಉಮೇದಿನಿಂದ ಅರ್ಧ ಆಗತದ, ಆಮ್ಯಾಲೆ ಕೈ ಹತ್ತೂದಿಲ್ಲ. ನಾಲ್ಕು ಮಂದಿ ಸೀರಿ ಹಂಗ ಕುಂತಾವ. ಕುಚ್ಚಿನ ಅಂತರಾನೂ ಒಂದು ಕಡೆ ಒತ್ತು, ಒಂದು ಕಡೆ ದೂರ.
– ಇಳಕಲ್

ಉತ್ತರ: ಅಂತರ ಮೊದಲು. ಕಣ್ಣಳತೆಯನ್ನು ನಂಬಬೇಡಿ. ಉದ್ದ ಕಾಗದದ ಪಟ್ಟಿಯ ಮೇಲೆ ಅರ್ಧ ಇಂಚಿಗೊಂದು ಗೆರೆ ಎಳೆದು, ಸೆರಗಿನ ಅಂಚಿನ ಹಿಂದೆ ಪಿನ್ ಮಾಡಿ, ಗೆರೆ ಬಂದಲ್ಲಿ ಕಡ್ಡಿ ಚುಚ್ಚಿ. ಬಟ್ಟೆಯ ಮೇಲೆ ಪೆನ್ನಿನ ಗುರುತು ಬೀಳುವುದಿಲ್ಲ, ಅದೇ ಪಟ್ಟಿ ಮುಂದಿನ ಸೀರೆಗೂ ಬರುತ್ತದೆ. 45 ಇಂಚಿನ ಸೆರಗಿಗೆ 90 ಮನೆ, ಅಂದರೆ ಕಡ್ಡಿ ಚುಚ್ಚುವ ಜಾಗ. ಚುಚ್ಚುವ ಮೊದಲು ಸೆರಗಿನ ಬಿಡಿ ಎಳೆಗಳನ್ನು ಕಟ್ಟಿ ಅಥವಾ ಮಡಚಿ ಹೊಲಿದಿರಬೇಕು. ಮೊದಲ ಮೂರು ಇಂಚು ಹೆಣೆದು ನೆಲದ ಮೇಲೆ ಹರಡಿ ನೋಡಿ: ಸೆರಗು ಸುಕ್ಕಾದರೆ ಎರಡು ಮನೆಗಳ ನಡುವಿನ ಚೈನ್ ಸಾಲದು, ಹೆಣಿಕೆ ಅಲೆಯಾದರೆ ಒಂದು ಹೆಚ್ಚಾಗಿದೆ. ಸಿಕ್ಕ ಸಂಖ್ಯೆಯನ್ನು ಪಟ್ಟಿಯ ತುದಿಯಲ್ಲೇ ಬರೆದಿಡಿ. ದಪ್ಪ ರೇಷ್ಮೆಗೆ ಸರಿಯಾದದ್ದು ತೆಳು ಹತ್ತಿಗೆ ಸರಿಯಾಗುವುದಿಲ್ಲ, ಪ್ರತಿ ಸೀರೆಗೂ ಈ ಮೂರು ಇಂಚಿನ ಪರೀಕ್ಷೆ ಮಾಡಲೇಬೇಕು.

90 ಮನೆಯನ್ನು 15ರಂತೆ ಆರು ಪಾಲು ಮಾಡಿ, ಪಟ್ಟಿಯಲ್ಲಿ ಪಾಲಿನ ಗಡಿಗೆ ಕೆಂಪು ಗೆರೆ ಎಳೆಯಿರಿ. ಒಂದು ಸಲ ಕೂತಾಗ ಒಂದು ಪಾಲು. ಹುರುಪಿದ್ದ ದಿನ ಎರಡು ಮಾಡಬಹುದು, ಮೂರು ಬೇಡ. ಒಂದೇ ದಿನ ಮುಕ್ಕಾಲು ಮುಗಿಸಿ ಹತ್ತು ದಿನ ಮುಟ್ಟದಿರುವುದೇ ಈಗ ನಿಮ್ಮಲ್ಲಿ ಆಗುತ್ತಿರುವುದು. ಬೇಸರದ ಕೆಲಸ ಕುಚ್ಚಿಗೆ ದಾರ ಸುತ್ತಿ ಕತ್ತರಿಸುವುದು. ಅದನ್ನು ಹೆಣಿಕೆಯ ನಡುವೆ ಇಟ್ಟುಕೊಳ್ಳದೆ, ಸೀರೆ ಬಂದ ದಿನವೇ ಎಲ್ಲ ಸುತ್ತಿ, 15ರ ಕಟ್ಟು ಕಟ್ಟಿ ಆ ಸೀರೆಯ ಚೀಲಕ್ಕೆ ಹಾಕಿ. ಬಟ್ಟೆ ಹೊಲಿಯುವ ಗೆಳತಿ ಇದ್ದರೆ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿ ಕೂತು ನಿಮ್ಮ ನಿಮ್ಮ ಕೆಲಸ ಮಾಡಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಎದ್ದು ಹೋಗುವುದು ಕಡಿಮೆಯಾಗುತ್ತದೆ, ಎಡಿಎಚ್‌ಡಿ ಇರುವ ಬಹಳ ಜನಕ್ಕೆ ಇದು ಉಪಯೋಗಕ್ಕೆ ಬಂದಿದೆ.

ನಾಲ್ಕರಲ್ಲಿ ಯಾರ ಮನೆಯಲ್ಲಿ ಮದುವೆ, ಸೀಮಂತ ಹತ್ತಿರವಿದೆಯೋ ಆ ಸೀರೆ ಹೊರಗಿರಲಿ, ಉಳಿದ ಮೂರು ಟ್ರಂಕಿನೊಳಗೆ. ಉಳಿದವರಿಗೆ ಫೋನ್ ಮಾಡಿ ಹೊಸ ತಾರೀಖು ಹೇಳಿ. ಮುಂದೆ ಒಂದು ಮುಗಿಯದೆ ಇನ್ನೊಂದರ ಮುಂಗಡ ಹಿಡಿಯಬೇಡಿ. ಅಂದಹಾಗೆ ನಿಮ್ಮೂರಲ್ಲಿ ಕಸೂತಿಯ ಸೆಳೆತವೂ ಇರುತ್ತದೆ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಎಳೆ ತಪ್ಪಿದರೆ ಬಿಚ್ಚುವುದು ಕಷ್ಟ. ಕ್ರೋಶಾ ಎಳೆದರೆ ಬಿಚ್ಚುತ್ತದೆ. ಸದ್ಯ ಇದರಲ್ಲೇ ನಿಲ್ಲಿ.

ಪ್ರಶ್ನೆ: 10 ವರ್ಷದ ಮಗನಿಗೆ ಎಡಿಎಚ್‌ಡಿ. ನಾ ಹೆಣಿಯೂದು ನೋಡಿ ತಾನೂ ಕಲೀತೀನಿ ಅಂತಾನ. ಗಂಡುಹುಡುಗ ಇದನ್ನ ಮಾಡಬಾರದು ಅಂತ ಅಜ್ಜಿ.
– ಚಿಕ್ಕೋಡಿ

ಉತ್ತರ: ರಬಕವಿ–ಬನಹಟ್ಟಿಯಲ್ಲಿ, ಗುಳೇದಗುಡ್ಡದಲ್ಲಿ ಮಗ್ಗದ ಮೇಲೆ ಕೂತ ಗಂಡಸರು ಎಷ್ಟು ಮಂದಿ ಎಂದು ಅಜ್ಜಿಯನ್ನೇ ಕೇಳಿ. ಮೊದಲು ಕಡ್ಡಿಯಿಲ್ಲದೆ ಬೆರಳಲ್ಲೇ ಚೈನ್ ಹಾಕಲಿ, ಆಮೇಲೆ 6 ಮಿಮೀ ಪ್ಲಾಸ್ಟಿಕ್ ಕಡ್ಡಿ, ದಪ್ಪ ತಿಳಿ ಬಣ್ಣದ ದಾರ. ತುದಿ ಮೊಂಡು, ಚುಚ್ಚುವುದಿಲ್ಲ. ಹತ್ತು ನಿಮಿಷ ಸಾಕು. ಎರಡು ಮೀಟರ್ ಚೈನ್ ಆದರೆ ಅದನ್ನೇ ಪುಸ್ತಕದ ಕಟ್ಟಿಗೋ ಗಾಳಿಪಟದ ಬಾಲಕ್ಕೋ ಬಳಸಲಿ. ಹೊಲಿಗೆ ಸೊಟ್ಟಗಿದೆ ಎಂದು ತಿದ್ದಬೇಡಿ. ಬಿಗಿಯಾಗಿ ಎಳೆದು ಕಡ್ಡಿ ಸಿಕ್ಕಿಕೊಂಡರೆ ಇನ್ನೂ ದಪ್ಪ ಕಡ್ಡಿ ಕೊಡಿ.

ಪ್ರಶ್ನೆ: ಅತ್ತಿಯವರಿಗೆ ದಿನಾ ಬಿಸಿ ರೊಟ್ಟಿ ಬೇಕು. ನಾ ಬಡಿಯೂದ್ರಾಗ ಹಂಚು ಹೊಗಿ ಆಡತದ, ಇಲ್ಲಾ ಹಿಟ್ಟು ಒಣಗಿ ಅಂಚು ಸೀಳತದ. ನನಗ ಎಡಿಎಚ್‌ಡಿ ಅಂದ್ರ ಅವರಿಗೆ ತಿಳಿಯೂದಿಲ್ಲ.
– ಇಂಡಿ

ಉತ್ತರ: ಜೋಳಕ್ಕೆ ಗೋಧಿಯ ಹಾಗೆ ತನ್ನದೇ ಅಂಟಿಲ್ಲ. ಕುದಿಯುವ ನೀರು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿದಾಗಲೇ ಜಿಗಿ ಬರುತ್ತದೆ. ನೀರು ಬೆಚ್ಚಗಷ್ಟೇ ಇದ್ದರೆ, ಬೀಸಿ ಬಹಳ ದಿನವಾದ ಹಿಟ್ಟಾದರೆ, ನಾದಿದ್ದು ಸಾಲದಿದ್ದರೆ ಅಂಚು ಸೀಳುತ್ತದೆ. ಎರಡು ಬಟ್ಟಲು ಹಿಟ್ಟಿನ ನಡುವೆ ಗುಳಿ ಮಾಡಿ ಒಂದೂಕಾಲು ಬಟ್ಟಲು ಕುದಿನೀರು ಹಾಕಿ, ಚಮಚದಲ್ಲಿ ಕಲಸಿ, ಐದು ನಿಮಿಷ ಮುಚ್ಚಿಟ್ಟು, ಒದ್ದೆ ಕೈಯಲ್ಲಿ ನಾದಿ. ಸುಮಾರು ಆರು ರೊಟ್ಟಿ ಬರುತ್ತವೆ. ಒಂದು ರೊಟ್ಟಿಗಾಗುವಷ್ಟನ್ನು ಮಾತ್ರ ಹೊರತೆಗೆದು ಮತ್ತೊಮ್ಮೆ ನಾದಿ, ಉಳಿದದ್ದು ಒದ್ದೆ ಬಟ್ಟೆಯ ಕೆಳಗಿರಲಿ.

ಹಂಚನ್ನು ಮೊದಲೇ ಕಾಯಲು ಇಡಬೇಡಿ. ಮೊದಲ ರೊಟ್ಟಿ ಅಂಗೈ ಅಗಲಕ್ಕೆ ಬಂದಾಗ ಒಲೆ ಹಚ್ಚಿ, ಬಡಿದು ಮುಗಿಯುವಷ್ಟರಲ್ಲಿ ಹಂಚು ಕಾದಿರುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಆ ನೀರು ಆರುತ್ತಿದ್ದ ಹಾಗೆ ತಿರುವಿ. ಪೂರ್ತಿ ಒಣಗಲು ಬಿಟ್ಟರೆ ಬಿರುಕು ಬಿದ್ದು ಉಬ್ಬುವುದಿಲ್ಲ. ಹಂಚಿನ ಮೇಲೆ ರೊಟ್ಟಿ ಇರುವಾಗ ಮುಂದಿನದನ್ನು ಬಡಿಯಬೇಡಿ, ಉಂಡೆ ನಾದಿಕೊಂಡು ಅಲ್ಲೇ ನಿಲ್ಲಿ. ಬಡಿಯುವಾಗ ಹಂಚು ಖಾಲಿ, ಉರಿ ಸಣ್ಣ. ಗಂಟೆಗೆ ಮೂವತ್ತು ರೊಟ್ಟಿ ಮಾಡುವವರ ಜತೆ ಇದರಲ್ಲಿ ಪೈಪೋಟಿ ಆಗದು, ಆದರೆ ಹೊಗೆ ಏಳುವುದಿಲ್ಲ.

ಅತ್ತೆಯವರಿಗೆ ರೋಗದ ಹೆಸರು ಹೇಳಿ ಒಪ್ಪಿಸುವುದಕ್ಕಿಂತ ಕೆಲಸ ಹಂಚಿಕೊಳ್ಳುವ ಮಾತು ಎತ್ತಿ ನೋಡಿ: “ನೀವು ಬೇಯಿಸ್ರಿ, ನಾ ಬಡೀತೀನ್ರಿ.” ಉಳಿದವರಿಗೆ ವಾರಕ್ಕೆರಡು ದಿನ ತೆಳ್ಳಗೆ ಬಡಿದು ಕಡಕ್ ಮಾಡಿಡಿ. ಎರಡೂ ಬದಿ ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಗರಿಗರಿಯಾಗುವವರೆಗೆ ಬಿಡಬೇಕು, ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಸು ಬರುತ್ತದೆ. ಇಂಡಿಯ ಒಣ ಹವೆಯಲ್ಲಿ ತಿಂಗಳು ಇರುವ ರೊಟ್ಟಿ ಬೆಳಗಾವಿಯ ಮಳೆಗಾಲದಲ್ಲಿ ವಾರಕ್ಕೇ ಮೆತ್ತಗಾಗುತ್ತದೆ. ಹಾಗಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ನಿಮಿಷ ಎರಡೂ ಬದಿ ಬಿಸಿ ಮಾಡಿದರೆ ಮತ್ತೆ ಕಡಕ್ ಆಗುತ್ತದೆ.